ಹಣೆ ಸವರಿದ್ದು

ತಾಯಿ ಸತ್ತ ಮರಿ ಅಂತ ಮಳವಳ್ಳಿ ಕಡೆಯವರೊಬ್ಬರು ಕಡಿಮೆ ಬೆಲೆಗೆ ಕೊಟ್ಟಿದ್ದರು. ಅಪ್ಪಟ ಬಂಡೂರು. ಕುಳ್ಳು ಕಾಲು, ಹಿಂದಿನಿಂದ ನೋಡಿದರೆ ಎರಡು ತೊಡೆ ಸೇರಿ ಬೋರಲು ಹಾಕಿದ ಲಾಳ. ಎಲ್ಲ ಕಡೆ ಬೆರಕೆಯಾಗಿರುವ ಈ ಕಾಲದಲ್ಲಿ ಇಂಥ ಬೀಜದ ಟಗರು ಸಿಗುವುದು ಕಷ್ಟ. ಶಾಂತಿಗ್ರಾಮದ ಹತ್ತಿರದ ನಮ್ಮ ರೊಪ್ಪದಲ್ಲಿ ಆಗ 18 ಹೆಣ್ಣು ಕುರಿಗಳಿದ್ದವು. ಒಂದು ಟಗರು ಧಾರಾಳ ಸಾಕು.

ಬಾಟಲಿ ಹಾಲು ಕುಡಿಸಿ ಬೆಳೆಸಿದೆ. ಕೈಯೊಡ್ಡಿದರೆ ಅಂಗೈಗೆ ಹಣೆ ಒತ್ತುತ್ತಿತ್ತು, ನಾನೂ ಒತ್ತುತ್ತಿದ್ದೆ. ಬಂದವರಿಗೆಲ್ಲ ಅದೇ ಪ್ರದರ್ಶನ. ‘ಹಣೆ ಮುಟ್ಬ್ಯಾಡ ಕಣೋ, ಬೇಕಾದ್ರೆ ಗದ್ದದ ಕೆಳಗೆ ಕೆರಿ’ ಅಂತ ಅವ್ವ ಎಷ್ಟು ಸಲ ಹೇಳಿದಳೋ. ಕೊಂಬೇ ಇಲ್ಲದ ತಳಿ, ಏನು ಮಾಡೀತು ಅಂದುಕೊಂಡೆ.

ಟಗರುಗಳು ಒಂದರ ಬಲ ಇನ್ನೊಂದು ಅಳೆಯುವುದೇ ಹಣೆಗೆ ಹಣೆ ಕೊಟ್ಟು. ನನಗೆ ಮುದ್ದು, ಅದಕ್ಕೆ ತಾಲೀಮು. ಹಿಂಡಿನಲ್ಲಿ ಬೆಳೆದ ಟಗರಿಗೆ ಮನುಷ್ಯನೆಂದರೆ ಒಂದಿಷ್ಟು ಅಂಜಿಕೆ ಇರುತ್ತದೆ. ಕೈಮರಿಗೆ ಅದಿಲ್ಲ, ಅದರ ಲೆಕ್ಕದಲ್ಲಿ ನಾವೂ ಎರಡು ಕಾಲಿನ ಟಗರುಗಳೇ.

ಒಂದೂವರೆ ವರ್ಷವಾಗಿತ್ತು. ಕುರಿಗಳು ಬೆದೆಗೆ ಬಂದಿದ್ದ ದಿನಗಳು. ಅವ್ವ ಹುರುಳಿ ಹೊಟ್ಟಿನ ಮಂಕರಿ ಹೊತ್ತು ರೊಪ್ಪಕ್ಕೆ ಬಂದಳು. ಟಗರು ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

‘ನೋಡವ್ವ, ನಿನ್ನ ಕಂಡ್ರೆ ಹೆದರ್ತದೆ’ ಎಂದು ನಕ್ಕೆ.

‘ಅದು ಹೆದ್ರಿ ಅಲ್ಲ...’ ಅವಳ ಮಾತು ಮುಗಿಯಲಿಲ್ಲ.

ಟಗರು ಕಾಳಗ ನೋಡಿದ ಮಕ್ಕಳಿಗೂ ಗೊತ್ತು, ಟಗರು ಹಿಂದೆ ಸರಿಯುವುದು ಓಡಿಬಂದು ಹಾಯಲಿಕ್ಕೆ. 38 ಕಿಲೋ ತೂಕ ಬಂದು ಬಡಿದದ್ದು ಅವ್ವನ ಸೊಂಟಕ್ಕೆ. ಹಾಸನದಲ್ಲಿ ಆಪರೇಷನ್ ಆಯಿತು, ಮೂರು ತಿಂಗಳು ಮಂಚ ಹಿಡಿದಳು.

ನಾಚಿಕೆಯ ಮಾತು: ಆಗಲೂ ಮಾರಲಿಲ್ಲ. ಕುರಿಗಳಿಗೆ ಗಬ್ಬ ನಿಂತದ್ದು ಖಾತ್ರಿಯಾಗಲಿ ಅಂತ ಕಾದೆ. ಕುರಿ ಐದು ತಿಂಗಳಿಗೆ ಈಯುತ್ತದೆ, ಮರಿಯ ಆಸೆ. ಕೋಲು ಹಿಡಿದೆ, ಹೊಡೆದರೆ ಅದಕ್ಕೆ ಅದೂ ಒಂದು ಸವಾಲು, ತಿರುಗಿ ನಿಲ್ಲುತ್ತಿತ್ತು. ನನ್ನ ಮೊಣಕಾಲಿಗೂ ಎರಡು ಸಲ ಬಿತ್ತು. ಆಮೇಲೆ ಸಂತೆ ದಾರಿ ಹಿಡಿದೆ.

ಕೊಂಡವನು ಬಾಯಿ ತೆರೆದು ಹಲ್ಲು ನೋಡಿದ, ಬೀಜ ಹಿಸುಕಿ ನೋಡಿದ. ಕೊನೆಗೆ ಹಣೆಯ ಮೇಲೆ ಸುಮ್ಮನೆ ಅಂಗೈ ಇಟ್ಟ. ‘ಬಲು ಸಾಧು’ ಅಂದೆ. ಏನೂ ಹೇಳದೆ ಸಾವಿರ ರೂಪಾಯಿ ಇಳಿಸಿ ಎಣಿಸಿ ಕೊಟ್ಟ.

‘ಹಾಯ್ತದೆ ಅಂತ ಹೇಳ್ದಾ?’ ಮನೆಗೆ ಬಂದ ತಕ್ಷಣ ಅವ್ವ ಕೇಳಿದಳು. ಹ್ಞೂಂ ಅಂದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಅವನಿಗೆ ಫೋನ್ ಮಾಡಿ, ಹುಷಾರು, ಮನೇಲಿ ಮಕ್ಕಳಿದ್ದರೆ ಹತ್ತಿರ ಬಿಡಬೇಡಿ ಅಂದೆ.

‘ಗೊತ್ತು ಬುಡಿ ಸಾ’ ಅಂದ. ‘ಕೈ ಇಟ್ಟಾಗ್ಲೇ ಒತ್ತಿ ಬಂತಲ್ಲ. ಸಾವ್ರ ಯಾಕೆ ಇಳಿಸ್ದೆ ಅಂದ್ಕಂಡ್ರಿ?’