ರಾಚೆಸ್ಟರ್‌ನಲ್ಲಿ ಮೂರು ದಾಳ

ಹೋದ ವರ್ಷ ಬೇಸಿಗೆಯಲ್ಲಿ ಮಗನ ಮನೆಗೆಂದು ಅಮೆರಿಕದ ರಾಚೆಸ್ಟರ್‌ಗೆ ಹೋಗಿದ್ದೆ. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಒಂಟಾರಿಯೊ ಸರೋವರದ ದಡದಲ್ಲಿರುವ ಊರು. ಕೊಡಾಕ್ ಕ್ಯಾಮೆರಾ ಕಂಪನಿ ಹುಟ್ಟಿದ್ದು ಇಲ್ಲೇ. ಊರ ನಡುವೆಯೇ ಜೆನೆಸೀ ನದಿ 96 ಅಡಿ ಧುಮುಕುತ್ತದೆ.

ನಾನು ಹೋದ ವಾರವೇ ಹನ್ನೊಂದು ವರ್ಷದ ಮೊಮ್ಮಗ ಮಂಕಾಗಿದ್ದ. ಬಡಾವಣೆಯ ಬೇಸ್‌ಬಾಲ್ ತಂಡಕ್ಕೆ ಅವನನ್ನು ತೆಗೆದುಕೊಂಡಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಮಾತನಾಡಿಸಿದರೆ "ಹೂಂ" ಅನ್ನುತ್ತಿದ್ದ, ಅಷ್ಟೆ. ನನಗೆ ಬೇಸ್‌ಬಾಲ್ ಗೊತ್ತಿಲ್ಲ, ಅವನಿಗೆ ನನ್ನ ಕನ್ನಡ ಪೂರ್ತಿ ತಿಳಿಯದು. ಇದ್ದದ್ದು ಎರಡು ತಿಂಗಳು ಮಾತ್ರ.

ಮಗ ನಮ್ಮಿಬ್ಬರನ್ನೂ ಸ್ಟ್ರಾಂಗ್ ಮ್ಯೂಸಿಯಂಗೆ ಕರೆದುಕೊಂಡು ಹೋದ. ಆಟಕ್ಕೆಂದೇ ಇರುವ ದೊಡ್ಡ ಸಂಗ್ರಹಾಲಯ ಅದು. ಮಾರ್ಗರೆಟ್ ವುಡ್‌ಬರಿ ಸ್ಟ್ರಾಂಗ್ ಎಂಬಾಕೆ ಜೀವಮಾನವಿಡೀ ಕೂಡಿಟ್ಟ ಗೊಂಬೆಗಳಿಂದ ಶುರುವಾದದ್ದು; ಜನರಿಗೆ ತೆರೆದದ್ದು 1982ರಲ್ಲಿ. ಒಳಗೆ ಚಿಟ್ಟೆಗಳ ತೋಟವೂ ಇದೆ. 2015ರಿಂದ ಹೆಸರಾಂತ ವಿಡಿಯೊ ಗೇಮ್‌ಗಳಿಗೆ ಇಲ್ಲಿ ಗೌರವದ ಸ್ಥಾನ ಕೊಡುತ್ತಿದ್ದಾರೆ. ಒಂದು ಯಂತ್ರದ ಮುಂದೆ ನಿಂತು ನಾನೂ ಆಡಲು ನೋಡಿದೆ. ಕೈ ನಡುಗುತ್ತದೆ, ಅರ್ಧ ನಿಮಿಷದಲ್ಲಿ ಸೋತೆ. ಮೊಮ್ಮಗ ನಗಲಿಲ್ಲ, ಅದೇ ನನಗೆ ಬೇಸರವಾಯಿತು.

ಇಲ್ಲಿನ ಗ್ರಂಥಾಲಯದಲ್ಲಿ ಡಾನ್ ಡಾಗ್ಲೋ ಎಂಬುವರ ಕಾಗದಪತ್ರಗಳಿವೆ. 1971ರಲ್ಲಿ ಕ್ಯಾಲಿಫೋರ್ನಿಯಾದ ಪೊಮೊನಾ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಪಿಡಿಪಿ-10 ಎಂಬ ದೊಡ್ಡ ಕಂಪ್ಯೂಟರಿನಲ್ಲಿ ಬೇಸ್‌ಬಾಲ್ ಆಟ ಬರೆದರು. ಬಣ್ಣವಿಲ್ಲ, ಚಿತ್ರವಿಲ್ಲ. ಚೆಂಡು ಎಲ್ಲಿ ಹೋಯಿತು, ಯಾರು ಔಟಾದರು ಎಂಬುದೆಲ್ಲ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. ನಾನು ಬ್ಯಾಂಕಿಗೆ ಸೇರಿದ್ದು 1973ರಲ್ಲಿ. ಆಗ ನಮ್ಮ ಶಾಖೆಯಲ್ಲಿದ್ದ ಯಂತ್ರಗಳೆಂದರೆ ಫ್ಯಾನು ಮತ್ತು ಟೈಪ್‌ರೈಟರು! ಮುಂದೆ ಡಾಗ್ಲೋ ಮತ್ತು ಎಡ್ಡಿ ಡಾಂಬ್ರೋವರ್ ಸೇರಿ 1987ರಲ್ಲಿ 'ಅರ್ಲ್ ವೀವರ್ ಬೇಸ್‌ಬಾಲ್' ತಂದರು. ವೀವರ್ ಬಾಲ್ಟಿಮೋರ್ ತಂಡದ ಹೆಸರಾಂತ ಮ್ಯಾನೇಜರ್. ಯಾವ ಹೊತ್ತಿನಲ್ಲಿ ಯಾರನ್ನು ಆಡಿಸುತ್ತೀರಿ ಎಂದು ಅವರನ್ನೇ ಕೇಳಿ, ಆ ಉತ್ತರಗಳನ್ನು ಕಂಪ್ಯೂಟರಿಗೆ ಕಲಿಸಿದರು.

ಇದನ್ನೆಲ್ಲ ಪಕ್ಕದ ಮನೆಯ ಹಿರಿಯರಿಗೆ ಹೇಳಿದೆ. ಅವರೂ ನನ್ನ ವಯಸ್ಸಿನವರು. ಒಳಗೆ ಹೋಗಿ, ಮೂಲೆ ಹರಿದ ಒಂದು ರಟ್ಟಿನ ಡಬ್ಬ ತಂದು ನನ್ನ ಕೈಗಿಟ್ಟರು. 'ಸ್ಟ್ರಾಟ್-ಒ-ಮ್ಯಾಟಿಕ್'. ಹ್ಯಾಲ್ ರಿಚ್‌ಮನ್ ಎಂಬ ಹುಡುಗ ಹನ್ನೊಂದನೆಯ ವಯಸ್ಸಿನಲ್ಲಿ ದಾಳ ಉರುಳಿಸಿ ಲೆಕ್ಕ ಹಾಕುತ್ತಾ ಕಂಡುಕೊಂಡ ಆಟ. ಮಾರಾಟಕ್ಕೆ ಬಂದದ್ದು 1961ರಲ್ಲಿ. ಸಾಲದಲ್ಲಿ ಮುಳುಗಿದಾಗ ತಂದೆಯಿಂದ ಹಣ ಪಡೆದರಂತೆ. ಸೋತರೆ ತಂದೆಯ ವಿಮಾ ಕಚೇರಿ ಸೇರಬೇಕೆಂಬ ಕರಾರು! ಸೋಲಲಿಲ್ಲ.

ಮಕ್ಕಳೇ, ಆಟ ಹೀಗೆ. ಪ್ರತಿ ಆಟಗಾರನಿಗೂ ಒಂದು ಚೀಟಿ. ನಿಜವಾದ ಮೈದಾನದಲ್ಲಿ ಅವನು ಆ ವರ್ಷ ಆಡಿದ್ದರ ಲೆಕ್ಕವೆಲ್ಲ ಅದರಲ್ಲಿ ಅಡಗಿದೆ, ನಮ್ಮ ಪಾಸ್‌ಬುಕ್ ಇದ್ದ ಹಾಗೆ. ಮೂರು ದಾಳ ಹಾಕಬೇಕು. ಮೊದಲ ದಾಳದಲ್ಲಿ 1ರಿಂದ 3 ಬಿದ್ದರೆ ಬ್ಯಾಟುಗಾರನ ಚೀಟಿ ನೋಡಬೇಕು, 4ರಿಂದ 6 ಬಿದ್ದರೆ ಚೆಂಡು ಎಸೆಯುವವನದು. ಉಳಿದೆರಡರ ಮೊತ್ತ ಯಾವ ಸಾಲು ಓದಬೇಕೆಂದು ಹೇಳುತ್ತದೆ. ಎರಡು ದಾಳ ಒಟ್ಟು 36 ರೀತಿ ಬೀಳಬಹುದು. 7 ಬರುವ ದಾರಿ ಆರು, 12 ಬರುವ ದಾರಿ ಒಂದೇ. ಹಾಗಾಗಿ 7ರ ಸಾಲಿನಲ್ಲಿರುವುದು ಮತ್ತೆ ಮತ್ತೆ ಆಗುತ್ತದೆ, 12ರದು ಅಪರೂಪ. ಪುಸ್ತಕದ ಪುಟ ತೆರೆದು ರನ್ ಎಣಿಸುತ್ತಿದ್ದ ನಮ್ಮ ಬುಕ್ ಕ್ರಿಕೆಟ್‌ಗೆ ಗಣಿತ ಹೇಳಿಕೊಟ್ಟಂತೆ!

1981ರಲ್ಲಿ ಆಟಗಾರರು ಮುಷ್ಕರ ಹೂಡಿದಾಗ, ಕ್ಲೀವ್‌ಲ್ಯಾಂಡ್‌ನ ಖಾಲಿ ಕ್ರೀಡಾಂಗಣದಲ್ಲಿ ಮೇಜು ಹಾಕಿ ಆಲ್-ಸ್ಟಾರ್ ಪಂದ್ಯವನ್ನು ಇದೇ ದಾಳಗಳಲ್ಲಿ ಆಡಿದರು.

ಇದಕ್ಕೆ ಚುರುಕು ಬೆರಳು ಬೇಡ. ನಾನೂ ಮೊಮ್ಮಗನೂ ಅಡುಗೆಮನೆ ಮೇಜಿನ ಮೇಲೆ ಕೂತೆವು. ಮೂರನೆಯ ದಿನ ಅವನ ತಂಡ ಒಂದು ರನ್ ಹಿಂದಿತ್ತು, ಕೊನೆಯ ಅವಕಾಶ. ಒಳ್ಳೆಯ ಆಟಗಾರನನ್ನು ಬಿಟ್ಟು, ಅಷ್ಟು ದಿನ ಪಕ್ಕಕ್ಕಿಟ್ಟಿದ್ದ ಚೀಟಿಯೊಂದನ್ನು ತೆಗೆದ.

"ಇವನು ಯಾಕೋ ಪುಟ್ಟ? ಸೋಲ್ತೀಯ!"

"ತಾತ, ಇವನು ಒಂದು ಸಲಾನೂ ಆಡಿಲ್ಲ."

ದಾಳ ಹಾಕಿದ. ಔಟು. "ಪರವಾಗಿಲ್ಲ" ಎಂದು ನಕ್ಕ. ಆ ಬೇಸಿಗೆಯಲ್ಲಿ ನಾನು ಕೇಳಿದ ಅವನ ಮೊದಲ ನಗು.

ಹಿರಿಯರು ಡಬ್ಬವನ್ನು ಅವನಿಗೇ ಬಿಟ್ಟುಕೊಟ್ಟಿದ್ದಾರೆ. ಈಗ ಪ್ರತಿ ಭಾನುವಾರ ಅವನು ಅಲ್ಲಿ ಇಬ್ಬರ ಪರವಾಗಿಯೂ ದಾಳ ಹಾಕಿ ಫೋನಿನಲ್ಲಿ ಹೇಳುತ್ತಾನೆ, ನಾನು ತುಮಕೂರಿನಲ್ಲಿ ಕೂತು ಪುಸ್ತಕದಲ್ಲಿ ಬರೆಯುತ್ತೇನೆ. ದಾಳ ನನಗೆ ಕಾಣುವುದಿಲ್ಲ. ಇದುವರೆಗೆ ಇಪ್ಪತ್ತು ಆಟವಾಗಿದೆ; ಹನ್ನೊಂದರಲ್ಲಿ ಅವನೇ ಸೋತಿದ್ದಾನೆ. ಲೆಕ್ಕ ಚೊಕ್ಕವಾಗಿದೆ.