ಪಂದ್ಯದ ಬೇಸರ

ಮೋಟಾರು ಪಂದ್ಯಗಳನ್ನು ನೋಡುವ ಚಪಲ ನನಗೆ ಅಂಟಿಕೊಂಡು ಮೂವತ್ತು ವರ್ಷಗಳು ಸಂದುವು. ಸಂಗೀತದ ಹುಚ್ಚುಳ್ಳವನನ್ನು ಜನರು ರಸಿಕನೆನ್ನುತ್ತಾರೆ. ಹಳೆಯ ನಾಣ್ಯಗಳನ್ನು ಕೂಡಿಡುವವನನ್ನು ಪಂಡಿತನೆಂದು ಭಾವಿಸುವುದೂ ಉಂಟು. ಇಪ್ಪತ್ತು ಚಿಲ್ಲರೆ ಕಾರುಗಳು ಒಂದೇ ದಾರಿಯನ್ನು ಐವತ್ತು ಅರುವತ್ತು ಬಾರಿ ಸುತ್ತುವುದನ್ನು ಎವೆಯಿಕ್ಕದೆ ನೋಡುವವನಿಗೆ ಮಾತ್ರ ಅಂತಹ ಗೌರವದ ಹೆಸರೊಂದೂ ಇಲ್ಲ. ಹೊರಗಿನವರ ನಗೆಯನ್ನು ಸಹಿಸುವುದು ಕಷ್ಟವಲ್ಲ. ಈಚೆಗೆ ಒಳಗಿನವರೇ, ಎಂದರೆ ನನ್ನಂತಹ ಹಳೆಯ ಪ್ರೇಕ್ಷಕರೇ, ಫಾರ್ಮುಲಾ ಒನ್ ಪಂದ್ಯಗಳು ನೀರಸವಾದುವು, ಬರಿಯ ವ್ಯಾಪಾರವಾದುವು ಎಂದು ಗೊಣಗತೊಡಗಿದ್ದಾರೆ. ಆ ಗೊಣಗಾಟದಲ್ಲಿ ನನ್ನ ದನಿಯೂ ಸೇರಿದೆ. ಆದರೆ ಗೊಣಗುವವನೂ ಲೆಕ್ಕವನ್ನು ಸರಿಯಾಗಿ ಒಪ್ಪಿಸಬೇಕಷ್ಟೆ.

ಮೊದಲನೆಯ ಮಾತು, ನೀರಸತೆ ಹೊಸದಲ್ಲ. 1988ರಲ್ಲಿ ನಡೆದ 16 ಪಂದ್ಯಗಳಲ್ಲಿ 15ನ್ನು ಮೆಕ್‌ಲಾರೆನ್ ತಂಡವೊಂದೇ ಗೆದ್ದಿತು. 2023ರಲ್ಲಿ ರೆಡ್‌ಬುಲ್ ತಂಡವು 22ರಲ್ಲಿ 21ನ್ನು ಬಾಚಿಕೊಂಡಿತು. ಅವುಗಳಲ್ಲಿ 19 ಮ್ಯಾಕ್ಸ್ ವರ್‌ಸ್ಟಾಪೆನ್ ಒಬ್ಬನವೇ. ಆದರೂ 1988ನ್ನು ಹಳಬರು ಕಣ್ಣರಳಿಸಿ ನೆನೆಯುತ್ತಾರೆ. ಒಂದೇ ತಂಡದ ಎರಡು ಕಾರುಗಳಲ್ಲಿ ಕುಳಿತ ಸೆನ್ನಾ ಮತ್ತು ಪ್ರಾಸ್ಟ್ ಒಬ್ಬರಿಗೊಬ್ಬರು ಸೋಲಲೊಲ್ಲದೆ ಸೆಣಸಿದುದು ಒಂದು ಕಾರಣ. ಮತ್ತೊಂದು ಕಾರಣ, ಮೆಕ್‌ಲಾರೆನ್ನಿನ ಕೈತಪ್ಪಿದ ಆ ಒಂದು ಪಂದ್ಯ. ಅದು ನಡೆದುದು ಇಟಲಿಯ ಮೊಂಜಾದಲ್ಲಿ. ಫೆರಾರಿಯ ಮೂಲಪುರುಷನಾದ ಎಂಜೊ ಫೆರಾರಿಯು ತೀರಿಕೊಂಡು ಇನ್ನೂ ಒಂದು ತಿಂಗಳು ತುಂಬಿರಲಿಲ್ಲ; ಅಂದು ಅವನ ಕೆಂಪು ಕಾರುಗಳೆರಡೂ ಮೊದಲನೆಯ ಮತ್ತು ಎರಡನೆಯ ಸ್ಥಾನಗಳನ್ನು ಪಡೆದುವು. ಉಳಿದ ಹದಿನೈದು ಪಂದ್ಯಗಳ ಏಕತಾನತೆಯಿಲ್ಲದಿದ್ದರೆ ಆ ಒಂದು ದಿನಕ್ಕೆ ಅಷ್ಟು ಬೆಲೆ ಬರುತ್ತಿತ್ತೆ?

ಬೇಸರಕ್ಕೆ ನಿಜವಾದ ಕಾರಣಗಳಿಲ್ಲವೆಂದಲ್ಲ. ಕಾರಿನ ರೆಕ್ಕೆಗಳ ಮೇಲೂ ತಳದಡಿಯಲ್ಲೂ ಹರಿಯುವ ಗಾಳಿಯು ಕಾರನ್ನು ನೆಲಕ್ಕೆ ಅಮುಕುತ್ತದೆ. ತಿರುವುಗಳಲ್ಲಿ ವೇಗವಾಗಿ ಸಾಗುವುದು ಆ ಬಲದಿಂದಲೇ. ಮುಂದಿನ ಕಾರು ಕದಡಿಬಿಟ್ಟ ಗಾಳಿಯಲ್ಲಿ ಹಿಂದಿನ ಕಾರಿಗೆ ಆ ಬಲ ಪೂರ್ಣವಾಗಿ ದೊರೆಯದು. ಇದರ ಮೇಲೆ ಕಾರುಗಳೂ ಬೆಳೆದುವು. 2017ರಿಂದ 2025ರವರೆಗೆ ಅವುಗಳ ಅಗಲ 2 ಮೀಟರು. 1929ರಿಂದ ಪಂದ್ಯ ಕಂಡ ಮೊನಾಕೋದ ಬೀದಿಗಳು ಬೆಳೆಯಲಿಲ್ಲ. 2024ರಲ್ಲಿ ಅಲ್ಲಿ ಹೊರಟಾಗ ಮೊದಲ ಹತ್ತು ಸ್ಥಾನಗಳಲ್ಲಿದ್ದವರು ಅದೇ ಕ್ರಮದಲ್ಲಿ ಪಂದ್ಯವನ್ನು ಮುಗಿಸಿದರು. ಅದನ್ನು ಪಂದ್ಯವೆನ್ನುವುದಕ್ಕಿಂತ ಮೆರವಣಿಗೆಯೆನ್ನುವುದು ಮೇಲು.

ಆದರೆ ನನ್ನ ಜಗಳ ಈ ರೋಗದೊಡನೆ ಅಷ್ಟಿಲ್ಲ. ಅದಕ್ಕೆ ಮಾಡಿದ ಚಿಕಿತ್ಸೆಯೊಡನೆ ಇದೆ. 2011ರಲ್ಲಿ ಒಂದು ಉಪಾಯವನ್ನು ಹೂಡಿದರು. ಹಿಂದಿನವನು ಮುಂದಿನವನಿಗೆ ಒಂದು ಸೆಕೆಂಡಿನಷ್ಟು ಸಮೀಪಕ್ಕೆ ಬಂದರೆ, ಗೊತ್ತುಮಾಡಿದ ನೇರದಾರಿಯಲ್ಲಿ ತನ್ನ ಹಿಂಬದಿಯ ರೆಕ್ಕೆಯ ಪಟ್ಟಿಯನ್ನು ತೆರೆದು ವೇಗವನ್ನು ಹೆಚ್ಚಿಸಿಕೊಳ್ಳಬಹುದು. ಎಲ್ಲರಿಗಿಂತ ಮುಂದೆ ಹಾಯಾಗಿ ಓಡುತ್ತಿರುವವನಿಗೆ ಆ ಅನುಮತಿಯಿಲ್ಲ. ಈ ಏರ್ಪಾಡು 2025ರವರೆಗೂ ನಡೆಯಿತು. ಹಿಂದಿಕ್ಕುವ ಪ್ರಸಂಗಗಳ ಎಣಿಕೆಯೇನೋ ಏರಿತು, ರುಚಿ ಇಳಿಯಿತು. 2005ರಲ್ಲಿ ಇಮೋಲಾದ ಪಂದ್ಯವನ್ನು ನೋಡಿದವರಿಗೆ ನನ್ನ ಮಾತು ತಿಳಿಯುತ್ತದೆ. ತನಗಿಂತ ವೇಗವಾಗಿದ್ದ ಶೂಮಾಕರನನ್ನು ಅಲಾನ್ಸೊ ಕೊನೆಯ ಸುತ್ತುಗಳಲ್ಲೆಲ್ಲ ಬೆನ್ನ ಹಿಂದೆಯೇ ತಡೆದು ನಿಲ್ಲಿಸಿ, ಸೆಕೆಂಡಿನ ಕಾಲುಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ಗೆದ್ದನು. ಒಬ್ಬರು ಒಬ್ಬರನ್ನು ಹಿಂದಿಕ್ಕದ ಆ ಸುತ್ತುಗಳಲ್ಲಿ ನಾನು ಕುರ್ಚಿಯಲ್ಲಿ ಕುಳಿತಿರಲಾರದೆ ಎದ್ದು ನಿಂತಿದ್ದೆ. ತೆರೆಯುವ ರೆಕ್ಕೆಯೊಂದು ಅಂದಿದ್ದಿದ್ದರೆ ಆ ಯುದ್ಧವು ಒಂದೇ ನೇರದಾರಿಯಲ್ಲಿ ಮುಗಿದುಹೋಗುತ್ತಿತ್ತು.

ಬೇಸರದ ಭಯವು ನಿಯಮವನ್ನೂ ಮಣಿಸಬಲ್ಲದೆಂಬ ಶಂಕೆ 2021ರ ಡಿಸೆಂಬರಿನಲ್ಲಿ ಹುಟ್ಟಿತು. ಆ ವರ್ಷದ ಪ್ರಶಸ್ತಿಯನ್ನು ನಿರ್ಣಯಿಸತಕ್ಕ ಅಬುಧಾಬಿಯ ಪಂದ್ಯದಲ್ಲಿ, ಕೊನೆಗೆ ಅಪಘಾತವೊಂದರಿಂದ ರಕ್ಷಣಾ ವಾಹನದ ಹಿಂದೆ ಎಲ್ಲರೂ ಸಾಲುಗಟ್ಟಿದ್ದರು. ಸುತ್ತು ಹಿಂದೆ ಬಿದ್ದಿದ್ದ ಕಾರುಗಳ ಪೈಕಿ ಹ್ಯಾಮಿಲ್ಟನ್ ಮತ್ತು ವರ್‌ಸ್ಟಾಪೆನ್ನರ ನಡುವಿದ್ದ ಐದನ್ನು ಮಾತ್ರ ಮುಂದೆ ಕಳುಹಿಸಿ, ಒಂದೇ ಒಂದು ಸುತ್ತಿನ ಸ್ಪರ್ಧೆಗೆ ನಿರ್ದೇಶಕರು ದಾರಿಮಾಡಿಕೊಟ್ಟರು. ಹೊಸ ಟೈರುಗಳಿದ್ದ ವರ್‌ಸ್ಟಾಪೆನ್ ಗೆದ್ದನು. ಅದು ಮನುಷ್ಯಸಹಜವಾದ ತಪ್ಪೆಂದು ಅಧಿಕೃತ ವರದಿಯು ಆಮೇಲೆ ಹೇಳಿತು. ಇಬ್ಬರಲ್ಲಿ ಯಾರು ಗೆದ್ದರೂ ನನಗೆ ಸಮವೇ. ಆದರೆ ಅಂದು ಉಂಟಾದ ರೋಮಾಂಚನವು ನನ್ನಲ್ಲಿ ನಿಲ್ಲಲಿಲ್ಲ.

ಇನ್ನು ಹಣದ ಮಾತು. ಅದೂ ಹೊಸದಲ್ಲ. 1968ರಲ್ಲಿಯೇ ಲೋಟಸ್ ತಂಡವು ಬ್ರಿಟನ್ನಿನ ಹಸುರನ್ನು ತೊರೆದು ಸಿಗರೇಟಿನ ಪೊಟ್ಟಣದ ಬಣ್ಣವನ್ನು ತೊಟ್ಟಿತು. ಹಣವಿಲ್ಲದೆ ಕಾರು ಓಡದು. ಆದರೆ ಪಂದ್ಯಕ್ಕಾಗಿ ಹಣವೋ ಹಣಕ್ಕಾಗಿ ಪಂದ್ಯವೋ ಎಂಬುದು ಬೇರೆಯ ಪ್ರಶ್ನೆ. 1950ರಲ್ಲಿ 7 ಇದ್ದ ಪಂದ್ಯಗಳು 2024ರಲ್ಲಿ 24 ಆದುವು. ಇಷ್ಟು ಹಿಗ್ಗಿದ ಪಟ್ಟಿಯಲ್ಲಿ ಜರ್ಮನಿಗೆ 2020ರ ಬಳಿಕ ಎಡೆಯಿಲ್ಲ; 1906ರಲ್ಲಿ ಮೊದಲ ಗ್ರಾಂ ಪ್ರಿಯನ್ನು ನಡೆಸಿದ ಫ್ರಾನ್ಸಿಗೆ 2022ರ ಬಳಿಕ ಇಲ್ಲ. ಬೆಲ್ಜಿಯಮ್ಮಿನ ಸ್ಪಾ, ಒಪ್ಪಂದದಂತೆ, 2028 ಮತ್ತು 2030ರಲ್ಲಿ ಬಿಟ್ಟುಹೋಗಲಿದೆ. 2023ರಲ್ಲಿ ಲಾಸ್ ವೇಗಸ್ಸಿನ ಮೊದಲ ಅಭ್ಯಾಸವು, ರಸ್ತೆಯ ಮುಚ್ಚಳವೊಂದು ಕಿತ್ತು ಕಾರಿಗೆ ಬಡಿದುದರಿಂದ, ಹತ್ತು ನಿಮಿಷವೂ ತುಂಬದೆ ನಿಂತಿತು. ನಡುರಾತ್ರಿ ಕಳೆದು ಎರಡನೆಯ ಅಭ್ಯಾಸ ಆರಂಭವಾಗುವ ಮುನ್ನವೇ, ಟಿಕೇಟು ಕೊಂಡು ಕಾದಿದ್ದವರನ್ನು ಹೊರಗೆ ಕಳುಹಿಸಿದರು. ಕಾರುಗಳು ಬರಿದಾದ ಆಸನಗಳ ಮುಂದೆ ಓಡಿದುವು. ದೂರದರ್ಶನಕ್ಕೆ ಯಾವ ಕೊರತೆಯೂ ಆಗಲಿಲ್ಲ.

ನಮ್ಮ ದೇಶದಲ್ಲಿಯೂ ಈ ಪಂದ್ಯ 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದಲ್ಲಿ ನಡೆಯಿತು. ಮೂರು ಬಾರಿಯೂ ಗೆದ್ದವನು ಸೆಬಾಸ್ಟಿಯನ್ ವೆಟೆಲ್. ಕೊನೆಯ ವರ್ಷ ನಾನೂ ಅಲ್ಲಿದ್ದೆ. ಅವನು ಸುಮಾರು 30 ಸೆಕೆಂಡು ಮುಂದಿದ್ದನು. ಅದಕ್ಕಿಂತ ನೀರಸವಾದ ಗೆಲವನ್ನು ಹುಡುಕುವುದು ಕಷ್ಟ. ಆದರೆ ಅಂದು ನಾಲ್ಕನೆಯ ಬಾರಿ ವಿಶ್ವವಿಜೇತನಾದ ಆತನು ನೇರವಾಗಿ ಆವರಣಕ್ಕೆ ಹೋಗದೆ, ಜನರ ಮುಂದೆ ಹೊಗೆಯೆಬ್ಬಿಸಿ ಕಾರನ್ನು ಬುಗುರಿಯಂತೆ ಸುತ್ತಿಸಿ, ಕೆಳಗಿಳಿದು ಆ ಕಾರಿಗೆ ತಲೆಬಾಗಿ ನಮಸ್ಕರಿಸಿದನು. ಆಯುಧಪೂಜೆಯನ್ನು ಕಂಡು ಬೆಳೆದ ನಮಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಯಮ ಮೀರಿದುದಕ್ಕಾಗಿ ಅವನಿಗೆ ಛೀಮಾರಿಯೂ ತಂಡಕ್ಕೆ 25,000 ಯೂರೋ ದಂಡವೂ ಆದುವು. ಎರಡು ಗಂಟೆಗಳ ಬೇಸರವನ್ನು ಒಂದು ನಿಮಿಷ ತೀರಿಸಿತು. ಆ ಒಂದು ನಿಮಿಷ ಮಾತ್ರ ಯಾರ ಏರ್ಪಾಡಿನಲ್ಲಿಯೂ ಇರಲಿಲ್ಲ.

ಹಾಗೆಂದು ಹಳೆಯ ಕಾಲವೇ ಮರಳಲಿ ಎನ್ನುವವನು ನಾನಲ್ಲ. ಹಳೆಯ ಕಾಲವೆಂದರೆ ಸಾವೂ ಹೌದು. 1994ರಲ್ಲಿ ಇಮೋಲಾದಲ್ಲಿ ಒಂದು ದಿನ ರಾಟ್ಜೆನ್‌ಬರ್ಗರ್, ಮರುದಿನ ಸೆನ್ನಾ ಅಸುನೀಗಿದರು. 2018ರಲ್ಲಿ ಸಾರಥಿಯ ತಲೆಯ ಸುತ್ತ ರಕ್ಷಣೆಯ ಕಮಾನನ್ನು ಕಡ್ಡಾಯಮಾಡಿದಾಗ ಅದು ಕುರೂಪವೆಂದು ಹಲವರು ಹಳಿದರು. 2020ರಲ್ಲಿ ಬಹರೈನಿನಲ್ಲಿ ಕಾರು ಎರಡು ತುಂಡಾಗಿ ಉರಿದಾಗ ಗ್ರೋಜಾನ್ ಆ ಬೆಂಕಿಯಿಂದ ಎದ್ದು ಬಂದುದು ಅದರಿಂದಲೇ. ನನ್ನ ಮನರಂಜನೆಗೆ ಮತ್ತೊಬ್ಬನ ಪ್ರಾಣವನ್ನು ಪಣವಾಗಿ ಕೇಳುವ ಹಕ್ಕು ನನಗಿಲ್ಲ.

ನಾನು ಬೇಡುವುದು ಅಲ್ಪ. ಪಂದ್ಯ ನೀರಸವಾಗುವುದಾದರೆ ಆಗಲಿ. ಅದನ್ನು ಸಿಂಗರಿಸಿ ತೋರಿಸುವ ಶ್ರಮ ಬೇಡ. ಕಾಯುವುದನ್ನು ಬಲ್ಲವರು ನಾವು. ಮಳೆಗಾಗಿ ಕಾಯುವ ರೈತನಿಗೆ ತುಂತುರನ್ನು ಹನಿಸಿ ಮೋಸಗೊಳಿಸಲಾಗದು. ಬರುವ ಆದಿತ್ಯವಾರವೂ ನಾನು ಪಂದ್ಯವನ್ನು ನೋಡುವೆನು. ಬೇಸರವಾದರೆ ನಡುವೆ ಎದ್ದು ಗಿಡಗಳಿಗೆ ನೀರೆರೆದು ಬರುವೆನು.