ಬೇವಿನ ಹಲಗೆ

ನಮ್ಮ ಶಾಲೆಯ ಅಂಗಳದ ಬೇವಿನ ಮರವು ಗಾಳಿಮಳೆಗೆ ಉರುಳಿದಾಗ ಅದರ ದಿಮ್ಮಿಯಿಂದ ಅಗಲವಾದ ಒಂದು ಹಲಗೆಯನ್ನು ಕೊಯ್ಯಿಸಿ ಇರಿಸಿದ್ದೆವು. ಮಕ್ಕಳು ಸುತ್ತ ಕುಳಿತು ಕನ್ನಡ ಪುಸ್ತಕ ಓದಲು ಅದೊಂದು ಮೇಜಾಗಲೆಂಬುದು ನಮ್ಮ ಆಸೆ. ಎರಡು ಬೇಸಗೆ ಒಣಗುವಷ್ಟರಲ್ಲಿ ಹಲಗೆ ಬಾಗಿತ್ತು. ರಂದಾ ಹೊಡೆಯುತ್ತಿದ್ದ ಊರ ಬಡಿಗರು ಈಗಿಲ್ಲ. ಆದುದರಿಂದ ಅದನ್ನು ಮಕ್ತಲಕ್ಕೆ ಹೇರಿಕೊಂಡು ಹೋದೆವು.

ಅಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಸಿ.ಎನ್.ಸಿ. ರೂಟರ್ ಎಂಬ ಯಂತ್ರವನ್ನಿಟ್ಟಿದ್ದಾನೆ. ಬಾಗಿಲುಗಳಿಗೆ ಹೂಬಳ್ಳಿ ಕೆತ್ತುವುದು ಅದರ ನಿತ್ಯದ ಕೆಲಸ. ಬಿಟ್ ಎಂದು ಅವರು ಕರೆಯುವ ತಿರುಗುವ ಉಳಿಯು, ಗಣಕಕ್ಕೆ ಕೊಟ್ಟ ಅಳತೆಯಂತೆ, ನಾರಾಯಣಪೇಟೆಯ ಮಗ್ಗದಲ್ಲಿ ಲಾಳಿ ಓಡಿದ ಹಾಗೆ ಸಾಲುಸಾಲಾಗಿ ಓಡುತ್ತ ಮರವನ್ನು ಸವೆಸುತ್ತದೆ.

ಆತನು ಕೆತ್ತನೆಯ 6 ಮಿ.ಮೀ. ಉಳಿಯನ್ನೇ ತೊಡಿಸಿದನು. ನಾವು ಲೆಕ್ಕದ ಮೇಷ್ಟರಲ್ಲವೆ! ಹಲಗೆ 1200 ಮಿ.ಮೀ. ಉದ್ದ, 600 ಅಗಲ. ಒಂದೊಂದು ಸಾಲಿಗೆ 3 ಮಿ.ಮೀ. ಸರಿದರೆ 200 ಸಾಲು, 240 ಮೀಟರ್ ಓಟ. ನಿಮಿಷಕ್ಕೆ 3 ಮೀಟರಿನಂತೆ 80 ನಿಮಿಷ, ಅದೂ ಒಂದೇ ಪದರಕ್ಕೆ. 50 ಮಿ.ಮೀ. ಉಳಿಯಾದರೆ, 25 ಮಿ.ಮೀ. ಸರಿದು 24 ಸಾಲಿಗೆ ಮುಗಿಯುತ್ತದೆ; 10 ನಿಮಿಷವೂ ಬೇಡ. “ದೊಡ್ಡದನ್ನೇ ಹಾಕಪ್ಪಾ” ಎಂದು ಹಟ ಹಿಡಿದೆವು.

“ದೊಡ್ಡದು ಹಾಕಿದ್ರ ಜಲ್ದಿ ಆಗ್ತದ್ರಿ ಸರ್, ಸಪಾಟ ಆಗ್ತದಂತ ಅಲ್ಲ” ಎಂದನಾತ. ಗುರುಗಳ ಮಾತನ್ನು ಮೀರಲಾರದೆ ತೊಡಿಸಿದನು. ಮೊದಲ ಸಾಲಿನಲ್ಲೇ ಮೋಟಾರು ನರಳಿತು, ಹಲಗೆ ಅದುರಿತು, ಗಂಟಿನ ಬಳಿ ಒಂದು ಚಕ್ಕೆ ಹಾರಿಹೋಯಿತು. ನಿಲ್ಲಿಸಿದೆವು.

ಆಮೇಲೆ ಆತನು ಬಿಡಿಸಿ ಹೇಳಿದನು. ರಂದಾದ ಉದ್ದನೆಯ ಅಡಿ ತಗ್ಗುಗಳನ್ನು ದಾಟಿ ದಿಬ್ಬಗಳನ್ನಷ್ಟೇ ಕೀಸುತ್ತದೆ. ಅಲ್ಲಿ ಉದ್ದವೇ ಸಪಾಟು ತರುತ್ತದೆ. ಯಂತ್ರದಲ್ಲಿ ನೇರವಿರುವುದು ಹಳಿಗಳಲ್ಲಿ, ಉಳಿಯಲ್ಲಲ್ಲ. ಉಳಿಯ ಕಂಬವು ಅರ್ಧ ಮೀಟರಿಗೆ ಒಂದು ಮಿ.ಮೀ. ಓರೆಯಾಗಿದ್ದರೂ 50 ಮಿ.ಮೀ. ಉಳಿಯ ಎರಡು ಅಂಚುಗಳಲ್ಲಿ 0.1 ಮಿ.ಮೀ. ಏರುತಗ್ಗು. ಸಾಲು ಸಾಲಿಗೂ ಮೆಟ್ಟಿಲು ಬೆರಳಿಗೆ ತಗಲುತ್ತದೆ. ಸಣ್ಣ ಉಳಿಯಲ್ಲಿ ಆ ದೋಷ ಅಡಗಿರುತ್ತದೆ. ಇನ್ನು ವೇಗ: ನಿಮಿಷಕ್ಕೆ 18,000 ಸುತ್ತಿನಲ್ಲಿ 6 ಮಿ.ಮೀ. ಉಳಿಯ ಅಂಚು ಸೆಕೆಂಡಿಗೆ ಆರು ಮೀಟರಿಗೂ ಕಡಮೆ ಓಡಿದರೆ, 50 ಮಿ.ಮೀ. ಉಳಿಯದು 47 ಮೀಟರ್! ಉಳಿ ಹಿಗ್ಗಿದಂತೆ ಸುತ್ತನ್ನು ತಗ್ಗಿಸಬೇಕು, ತಯಾರಕರು ನಮೂದಿಸಿದ ಮಿತಿಯನ್ನು ದಾಟಬಾರದು. ಸುತ್ತು ತಗ್ಗಿದರೆ ಮೋಟಾರಿನ ಬಲವೂ ತಗ್ಗುತ್ತದೆ. ದಪ್ಪ ತಲೆಗೆ ತೆಳು ಕಾಂಡವೂ ಸಲ್ಲದು.

ಹದಿನೇಳರ ಮಗ್ಗಿ ತಪ್ಪಿದನೆಂದು ಇವನನ್ನು ಬೆಂಚಿನ ಮೇಲೆ ನಿಲ್ಲಿಸಿದವರು ನಾವೇ. ಅದನ್ನು ಆತನು ನೆನಪಿಸಲಿಲ್ಲ, ನಮಗೆ ನೆನಪಾಯಿತು.

ಕೊನೆಗೆ 12 ಮಿ.ಮೀ. ಕಾಂಡದ 25 ಮಿ.ಮೀ. ಉಳಿ ನಿಶ್ಚಯವಾಯಿತು. ಹಲಗೆ ಅಲುಗದಂತೆ ಅಡಿಗೆ ಬೆಣೆಗಳನ್ನು ಕೊಟ್ಟು, ಒಂದು ಸಲಕ್ಕೆ ಒಂದು ಮಿ.ಮೀ. ಮೀರದಂತೆ ಪದರ ತೆಗೆದನು. ಪದರಕ್ಕೆ ಇಪ್ಪತ್ತು ನಿಮಿಷ. ಬೇವಿನ ಪುಡಿ ಗಂಟಲಿಗಿಳಿದು ಸಂಜೆಯವರೆಗೂ ಬಾಯಿ ಕಹಿ! ಎರಡು ಮೈ ಮುಗಿದಾಗ 42 ಮಿ.ಮೀ. ದಪ್ಪದ ಹಲಗೆ 31ಕ್ಕೆ ಇಳಿದಿತ್ತು.

ಚಕ್ಕೆ ಹಾರಿದ ಮೈಯನ್ನು ಕೆಳಗೆ ಮಾಡಿದ್ದೇವೆ. ಗದ್ವಾಲದಿಂದ ಕಾಲುಗಳು ಬಂದೊಡನೆ ಮಕ್ಕಳು ಅದರ ಸುತ್ತ ಕುಳಿತುಕೊಳ್ಳುವರು. ಅವರಲ್ಲೊಬ್ಬನಾದರೂ ಮೇಜಿನಡಿ ಕೈಯಾಡಿಸಿ, ಈ ಗುಂಡಿ ಏಕೆಂದು ಕೇಳಿಯೇ ಕೇಳುತ್ತಾನೆ.